ಬೋರ್ಡಿನ ಮೇಲೆ ನಲವತ್ತೊಂದು

ಫೆಬ್ರವರಿ 4

ಚುರುಕಿಗೆ,

ನಿನ್ನ ಪೆಟ್ಟಿಗೆ ಸುರಂಗದ ಗೇಟಿನ ಕಂಬದ ಮೇಲೆ ಕೂತು ಎರಡು ವಾರವಾಯಿತು. ಎಂಜಿನಿಯರ್ ಸಾಹೇಬರು ಬೆನ್ನು ತಟ್ಟಲು ಬಂದವರು, ಯಾರ ಬೆನ್ನು ಅಂತ ಗೊತ್ತಾಗದೆ ಪೆಟ್ಟಿಗೆಯ ಬೆನ್ನನ್ನೇ ತಟ್ಟಿದರು. "ಇದರ ಪ್ರೋಗ್ರಾಮ್ ಬರ್ದಿರೋದು ನನ್ನ ತಂಗೀನೇ ಸಾರ್" ಅಂದೆ. "ಹೌದಾ? ಹಾಗಾದ್ರೆ ಬುದ್ಧಿಯೆಲ್ಲ ಒಂದೇ ಕಡೆ ಹೋಗಿದೆ ಬಿಡಿ" ಅಂದರು. ನಕ್ಕೆ. ಸಂಬಳ ಕೊಡುವವರ ಜೋಕಿಗೆ ನಗದಿದ್ದರೆ ನಗದು ಬರುವುದಿಲ್ಲ.

ನನ್ನ ಹಳೆಯ ಹಲಗೆಯನ್ನು ಕಿತ್ತು ಅಡುಗೆಮನೆಯ ಹಿಂದೆ ಒರಗಿಸಿದ್ದಾರೆ. ಎಷ್ಟು ಮೊಳೆ, ಎಷ್ಟು ಹಿತ್ತಾಳೆ ಬಿಲ್ಲೆ! ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಮೊಳೆಗೆ ನೇತುಹಾಕಿ ಹೋಗುತ್ತಿದ್ದ, ಹೊರಗೆ ಬಂದವನು ತೆಗೆದುಕೊಳ್ಳುತ್ತಿದ್ದ. ಸಂಜೆ ಹಲಗೆ ಬೋಳಾದರೆ ಒಳಗೆ ಯಾರೂ ಇಲ್ಲ ಅಂತ ಅರ್ಥ. ಆಮೇಲೆ ಮದ್ದಿನ ಮೇಸ್ತ್ರಿ ಬಂಡೆಗೆ ಮದ್ದು ಹಾಕಿ ಸಿಡಿಸುತ್ತಿದ್ದರು. ಈಗ ಒಬ್ಬೊಬ್ಬನಿಗೂ ಒಂದೊಂದು ಪ್ಲಾಸ್ಟಿಕ್ ಕಾರ್ಡು. ಮುಟ್ಟಿಸಿದರೆ ಅಡ್ಡಗಂಬಿ ಮೇಲೇಳುತ್ತದೆ, ಬೋರ್ಡಿನ ಮೇಲೆ ಅವನ ನಂಬರು ಹೊತ್ತಿಕೊಳ್ಳುತ್ತದೆ. ಹೊರಗೆ ಬರುವಾಗ ಮತ್ತೆ ಮುಟ್ಟಿಸಿದರೆ ಆರುತ್ತದೆ. ಬೋರ್ಡು ಖಾಲಿಯಾದರೆ ಮೇಸ್ತ್ರಿಗೆ ಅಪ್ಪಣೆ. ಮೊದಲೆಲ್ಲ ಸಿಡಿಸುವ ಮುಂಚೆ ಒಬ್ಬ ಸೀಟಿ ಊದುತ್ತಾ ಸುರಂಗದುದ್ದಕ್ಕೂ ನಡೆದು ನೋಡಿ ಬರಬೇಕಿತ್ತು. "ಬೋರ್ಡ್ ಇರುವಾಗ ಸೀಟಿ ಯಾಕೆ?" ಎಂದು ಸಾಹೇಬರು ಅದನ್ನೂ ನಿಲ್ಲಿಸಿದ್ದಾರೆ. ನನಗೂ ಊಟದ ನಂತರ ಗೇಟು ಕಾಯುವ ಕೆಲಸ ತಪ್ಪಿದೆ. ಸಣ್ಣದೊಂದು ನಿದ್ದೆ ತೆಗೆಯುತ್ತೇನೆ. ಅಮ್ಮನಿಗೆ ಹೇಳಬೇಡ, 'ಸರಿಯಾಗಿ ಕೆಲಸ ಮಾಡು' ಅಂತ ಇನ್ನೊಂದು ಪತ್ರ ಬರುತ್ತದೆ.

ಈಗ ದೂರು. ಪೆಟ್ಟಿಗೆಯ ಜೊತೆ ನೀನು ಕಳಿಸಿದ ಪುಸ್ತಕದಲ್ಲಿ, ಕಾರ್ಡು ಮುಟ್ಟಿಸಿದಾಗಲೆಲ್ಲ ಒಂದು ದಾಖಲೆ, ಒಂದು ದಾಖಲೆಗೆ ಮೂರು ವಿಷಯ ಅಂತ ಬರೆದಿದೆ: ಪಾಳಿಯ ಅಕ್ಷರ ಒಂದು ಬೈಟು, ಕಾರ್ಡಿನ ನಂಬರು ನಾಲ್ಕು ಬೈಟು, ಒಳಗೋ ಹೊರಗೋ ಎಂಬುದು ಒಂದು ಬೈಟು. ಒಂದು, ನಾಲ್ಕು, ಒಂದು: ಆರು. ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ, ಪೆಟ್ಟಿಗೆಯೊಳಗಿನ ಮೆಮೊರಿ ಕಾರ್ಡು ತಿಂಗಳು ಬರಬೇಕು. ಹದಿನೈದು ದಿನಕ್ಕೇ 'ಹೊಟ್ಟೆ ತುಂಬಿತು' ಅಂತ ಕೆಂಪು ದೀಪ ಹಾಕಿಕೊಂಡು ಕೂತಿದೆ. ಉಳಿದರ್ಧ ತಿಂದವರು ಯಾರು? ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ವಿಷಯದಲ್ಲಿ ನಿನ್ನ ಹಳೆಯ ಚರಿತ್ರೆ ನನಗೆ ಗೊತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ.

ನಿನ್ನ ಅಣ್ಣ,
ಮಾಜಿ ಮೊಳೆಪಾಲಕ

---

ಫೆಬ್ರವರಿ 9

ಅಣ್ಣಾ,

ಬಿಸ್ಕತ್ತು ತಿಂದದ್ದು ನಾನೇ, ಬೈಟು ತಿಂದದ್ದು ನಾನಲ್ಲ. ಪೆನ್ಸಿಲ್ ಹಿಡಿದವರೆಲ್ಲ ಆರು ಅಂತಲೇ ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ಹೇಳಿದ್ದೆ. ಯಂತ್ರವನ್ನು ಕೇಳಿದರೆ ಅದು ಹನ್ನೆರಡು ಅನ್ನುತ್ತದೆ.

ಯಾಕೆಂದು ಹೇಳುತ್ತೇನೆ, ನಿದ್ದೆ ಹೋಗಬೇಡ. ನಿನ್ನ ಗೇಟಿನ ಪೆಟ್ಟಿಗೆಯೊಳಗಿನ ಪ್ರೊಸೆಸರ್ ಮಹಾಶಯನಿಗೆ ಮೆಮೊರಿಯಿಂದ ಬೈಟುಗಳನ್ನು ಒಂದೊಂದಾಗಿ ಎತ್ತುವುದು ಮರ್ಯಾದೆಗೆ ಕಡಿಮೆ. ನಾಲ್ಕು ನಾಲ್ಕಾಗಿ ಎತ್ತುತ್ತಾನೆ. ಹಾಗಾಗಿ ಮೆಮೊರಿಯನ್ನು ಸಿನಿಮಾ ಹಾಲ್ ಅಂದುಕೋ, ಉದ್ದಕ್ಕೂ ನಾಲ್ಕು ಸೀಟಿನ ಬೆಂಚುಗಳು. ಟಾರ್ಚು ಹಿಡಿದು ಸೀಟು ತೋರಿಸುವವನು ಕಂಪೈಲರ್. ಅಂದರೆ ನಾವು ಬರೆದ ಸಿ ಭಾಷೆಯನ್ನು ಯಂತ್ರಕ್ಕೆ ಅರ್ಥವಾಗುವಂತೆ ಇಳಿಸಿಕೊಡುವವನು. ಮೊದಲು ಪಾಳಿಯ ಅಕ್ಷರ ಬಂತು, ಒಂಟಿ ಜೀವ, ಮೊದಲ ಬೆಂಚಿನ ಮೊದಲ ಸೀಟಿನಲ್ಲಿ ಕೂತಿತು. ಆಮೇಲೆ ನಂಬರು ಬಂತು, ನಾಲ್ಕು ಜನರ ಸಂಸಾರ. ಮೂವರು ಈ ಬೆಂಚಿನಲ್ಲಿ, ಒಬ್ಬ ಆ ಬೆಂಚಿನಲ್ಲಿ ಕೂರಲು ಅವರು ಒಪ್ಪುವುದಿಲ್ಲ. ಹಾಗೆ ಕೂರಿಸಿದರೆ ಪ್ರೊಸೆಸರ್ ಎರಡು ಸಲ ಓಡಾಡಬೇಕು. ಕೆಲವು ಪ್ರೊಸೆಸರುಗಳಂತೂ ಮುನಿಸಿಕೊಂಡು ಕೆಲಸವನ್ನೇ ನಿಲ್ಲಿಸುತ್ತವೆ. ಅದಕ್ಕೆ ಟಾರ್ಚಿನವನು ಮೂರು ಸೀಟು ಖಾಲಿ ಬಿಟ್ಟು ಸಂಸಾರವನ್ನು ಎರಡನೇ ಬೆಂಚಿನಲ್ಲಿ ಕೂರಿಸುತ್ತಾನೆ. ಹೀಗೆ ಬೆಂಚಿಗೆ ಸರಿಯಾಗಿ ಕೂರಿಸುವುದು ಅಲೈನ್‌ಮೆಂಟ್, ನಡುವೆ ಬಿಟ್ಟ ಖಾಲಿ ಸೀಟು ಪ್ಯಾಡಿಂಗ್. ಕೊನೆಗೆ ಒಳಗೋ ಹೊರಗೋ ಎಂಬ ಒಂಟಿ ಬೈಟು ಮೂರನೇ ಬೆಂಚಿಗೆ. ಅದರ ಪಕ್ಕದಲ್ಲೂ ಮೂರು ಖಾಲಿ, ಯಾಕೆಂದರೆ ಅದರ ಹಿಂದೆ ಬರುವ ಮುಂದಿನ ದಾಖಲೆ ಹೊಸ ಬೆಂಚಿನಿಂದಲೇ ಶುರುವಾಗಬೇಕು. ಮೂರು ಬೆಂಚು, ಹನ್ನೆರಡು ಸೀಟು, ಕೂತವರು ಆರು.

ಇಂಥ ಗುಂಪಿಗೆ ನಾವು ಸ್ಟ್ರಕ್ಚರ್ ಅನ್ನುತ್ತೇವೆ, ಅದರೊಳಗಿರುವವರಿಗೆ ಸದಸ್ಯರು. ಸದಸ್ಯರು ಅಂದ ಮೇಲೆ ಸೀಟಿನ ಜಗಳ ಇದ್ದದ್ದೇ. ಸಂಸಾರಸ್ಥರನ್ನು ಮೊದಲು ಕೂರಿಸಿ, ಒಂಟಿಗಳಿಬ್ಬರನ್ನೂ ಅವರ ಹಿಂದೆ ಒಟ್ಟಿಗೆ ಕೂರಿಸಿದ್ದರೆ ಎಂಟರಲ್ಲೇ ಮುಗಿಯುತ್ತಿತ್ತು. ನಾನು ಬಾಯಿಗೆ ಬಂದ ಕ್ರಮದಲ್ಲಿ ಬರೆದೆ, ಅಷ್ಟೇ ತಪ್ಪು. ಮುಂದಿನ ಸಲ ಸರಿಮಾಡುತ್ತೇನೆ. ಅಲ್ಲಿಯವರೆಗೆ ಮೆಮೊರಿ ಕಾರ್ಡನ್ನು ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡು.

ಖಾಲಿ ಸೀಟಿನಲ್ಲಿ ಏನಿರುತ್ತದೆ ಅಂತ ನೀನು ಕೇಳಿಯೇ ಕೇಳುತ್ತೀಯ. ಅದನ್ನು ಯಾರೂ ಗುಡಿಸುವುದಿಲ್ಲ. ಹಿಂದಿನ ಆಟಕ್ಕೆ ಬಂದವರು ಬಿಟ್ಟುಹೋದ ಕಡಲೆಕಾಯಿ ಸಿಪ್ಪೆ, ಹರಿದ ಟಿಕೆಟು, ಏನು ಬಿದ್ದಿತ್ತೋ ಅದೇ. ಕಸ.

ಅಮ್ಮ ಚೆನ್ನಾಗಿದ್ದಾಳೆ. 'ಅವನು ಮಧ್ಯಾಹ್ನ ಮಲಗ್ತಾನಾ?' ಅಂತ ತಾನಾಗಿಯೇ ಕೇಳಿದಳು. ನಾನೇನೂ ಹೇಳಲಿಲ್ಲ. ತಾಯಂದಿರಿಗೆ ಯಾವ ಪೆಟ್ಟಿಗೆಯೂ ಬೇಕಾಗಿಲ್ಲ.

ಚುರುಕಿ

---

ಫೆಬ್ರವರಿ 20

ಚುರುಕಿ,

ಅಕ್ಷರ ಸೊಟ್ಟಗಿದ್ದರೆ ಊಹಿಸಿಕೊಂಡು ಓದು.

ಹೋದ ವಾರ ಒಂದು ಸಂಜೆ ಪಾಳಿಯವರೆಲ್ಲ ಹೊರಗೆ ಬಂದರು. ಮೇಸ್ತ್ರಿ ಮದ್ದಿನ ತಂತಿಯ ಗುಂಡಿಯ ಮೇಲೆ ಬೆರಳಿಟ್ಟು ಬೋರ್ಡಿನ ಕಡೆ ನೋಡಿದರು. ಒಂದು ನಂಬರು ಇನ್ನೂ ಉರಿಯುತ್ತಿತ್ತು. ನಲವತ್ತೊಂದು.

ನಲವತ್ತೊಂದು ನಮ್ಮ ಡ್ರಿಲ್ಲಜ್ಜನ ನಂಬರು. ನಿನಗೆ ಬರೆದಿದ್ದೆ, ಕಳೆದ ವರ್ಷ ಸುರಂಗದೊಳಗೆ ಡ್ರಿಲ್ಲು ಕೆಳಗಿಟ್ಟು, "ಒಂದ್ನಿಮಿಷ ಕೂತ್ಕೋತೀನಿ ಕಣ್ರೋ" ಅಂತ ಕೂತವರು ಮತ್ತೆ ಏಳಲೇ ಇಲ್ಲ. ಅವತ್ತಿನಿಂದ ಆ ನಂಬರನ್ನು ಯಾರಿಗೂ ಕೊಟ್ಟಿಲ್ಲ. ನಿಮ್ಮ ಕಾರ್ಖಾನೆಯವರು ಒಂದರಿಂದ ಅರವತ್ತರವರೆಗೆ ಸಾಲಾಗಿ ಕಾರ್ಡು ಮಾಡಿ ಕಳಿಸಿದ್ದರಿಂದ ಅವರ ಹೆಸರಲ್ಲೂ ಒಂದು ಕಾರ್ಡು ಬಂದಿತ್ತು. ಅದು ನನ್ನ ಡ್ರಾಯರಿನಲ್ಲಿ ಭದ್ರವಾಗಿದೆ.

ಎಲ್ಲರೂ ಬಾಯಿ ತೆರೆದು ನಿಂತುಬಿಟ್ಟೆವು. ಯಾರೋ "ಅಜ್ಜ ಎದ್ರು" ಅಂದರು. ಅಷ್ಟು ಸಾಕಾಯಿತು. ಮೇಸ್ತ್ರಿ ಗುಂಡಿಯಿಂದ ಬೆರಳು ತೆಗೆದರು. ಇಪ್ಪತ್ತು ವರ್ಷ ಮದ್ದಿನ ಜೊತೆ ಬದುಕಿದವರು ಅವತ್ತು ನೀರು ಕೇಳಿ ಕುಡಿದರು.

ಮಾರನೆಯ ಸಂಜೆ ನೋಡಿದರೆ ನಲವತ್ತೊಂದು ಇಲ್ಲ! ನಿಟ್ಟುಸಿರು ಬಿಟ್ಟು ಸಿಡಿಸಿದರು. ಅದರ ಮಾರನೆಯ ಸಂಜೆ ಮತ್ತೆ ಹಾಜರ್. ಹೀಗೆ ದಿನ ಬಿಟ್ಟು ದಿನ. ಒಂದು ದಿನ ಕೆಲಸ, ಒಂದು ದಿನ ರಜೆ. ಬದುಕಿದ್ದಾಗ ಅಜ್ಜನಿಗೆ ಈ ಸೌಕರ್ಯ ಇರಲಿಲ್ಲ. ಮೂರು ದಿನದಿಂದ ಒಬ್ಬನೂ ಒಳಗೆ ಕಾಲಿಟ್ಟಿಲ್ಲ. ಯಾರೂ ಹೋಗದಿದ್ದರೂ ಬೋರ್ಡು ಮಾತ್ರ ತನ್ನ ಪಾಡಿಗೆ ತೋರಿಸುತ್ತಿದೆ, ಒಂದು ಸಂಜೆ ಉರಿಯುತ್ತದೆ, ಮರುಸಂಜೆ ಆರಿರುತ್ತದೆ.

"ಕಾರ್ಡು ಎಲ್ಲಿದೆ?" ಎಂದು ಸಾಹೇಬರು ಕೇಳಿದರು. "ಡ್ರಾಯರಲ್ಲಿದೆ ಸಾರ್, ಯಾರೂ ಮುಟ್ಟಿಲ್ಲ" ಅಂದೆ. "ಹಾಗಾದ್ರೆ ತಪ್ಪು ಪೆಟ್ಟಿಗೇದು. ನಿಮ್ಮ ತಂಗಿಯಿಂದ ಉತ್ತರ ತರಿಸಿ. ಇಲ್ಲಾಂದ್ರೆ ಪೆಟ್ಟಿಗೇನೂ ಹೋಗುತ್ತೆ, ಪೆಟ್ಟಿಗೆ ಜೊತೆಗೆ ನೀವೂ."

ಚುರುಕಿ, ಇದು ನೀನು ಹೇಳಿದ ಖಾಲಿ ಸೀಟಿನ ಕಸವೇ ತಾನೆ? ಹೌದು ಅಂತ ಒಂದು ಸಾಲು ಬರೆ. ಇಲ್ಲಿ ಗಟ್ಟಿ ಗಂಡಸರು ಮಧ್ಯಾಹ್ನದ ಬಿಸಿಲಿನಲ್ಲೂ ಒಬ್ಬೊಬ್ಬರೇ ಓಡಾಡುತ್ತಿಲ್ಲ. ನಮ್ಮ ಅಡುಗೆಯವನೊಬ್ಬ ಬಿಟ್ಟು ಎಲ್ಲರೂ ಹೆದರಿದ್ದಾರೆ. ಅವನಿಗೆ ಪಾತ್ರೆ ತೊಳೆಯುವುದರಲ್ಲಿ ಹೆದರಲು ಬಿಡುವಿಲ್ಲ.

ಅಣ್ಣ

---

ಫೆಬ್ರವರಿ 23, ಬೆಳಿಗ್ಗೆ

ಅಣ್ಣಾ,

ನಿನ್ನ ಪತ್ರ ಓದಿ ಕಾಫಿ ಮೂಗಿಗೆ ಹತ್ತಿತು. ನಿಮ್ಮಲ್ಲಿಗೆ ಟಪಾಲು ಒಯ್ಯುವ ಲಾರಿ ಹೊರಡುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ.

ಅದು ಭೂತವಲ್ಲ ಮಾರಾಯ, ಭೂತಕಾಲ! ನೀನು ಊಹಿಸಿದ್ದೇ ಸರಿ. ಅರವತ್ತು ಕಾರ್ಡುಗಳನ್ನೂ ಇಲ್ಲಿ ನನ್ನ ಮೇಜಿನ ಮೇಲೆ ಒಂದೊಂದಾಗಿ ಮುಟ್ಟಿಸಿ ಪರೀಕ್ಷೆ ಮಾಡಿದ್ದು ನಾನೇ. ಆಗ ಬಂದ ನಲವತ್ತೊಂದು ಯಾವುದೋ ಖಾಲಿ ಸೀಟಿನಲ್ಲಿ ಉಳಿದುಕೊಂಡಿರಬೇಕು. ಈಗ ಅದೇ ಜಾಗಕ್ಕೆ ಹೊಸ ದಾಖಲೆ ಬಂದು ಕೂತಾಗಲೆಲ್ಲ ಹಳೆಯ ಸಿಪ್ಪೆ ತಲೆ ಎತ್ತುತ್ತಿದೆ. ನಿನ್ನ ಡ್ರಾಯರಿನಲ್ಲಿ ಕಾರ್ಡು ಭದ್ರವಾಗಿದೆ ಅಂದಮೇಲೆ ಬೇರೆ ಕಾರಣವೇ ಇಲ್ಲ. ದಿನ ಬಿಟ್ಟು ದಿನ ಬರುವುದು ಮಾತ್ರ ಮಜವಾಗಿದೆ. ಅಜ್ಜನಿಗೆ ಹಾಜರಿ ಭತ್ಯೆ ಕೊಡಲು ಸಾಹೇಬರಿಗೆ ಹೇಳು.

ನಲವತ್ತೊಂದು ಕಂಡರೆ ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ ನಂಬರು ಆರಿದರೆ ಸಾಕು, ಮೇಸ್ತ್ರಿ ಧೈರ್ಯವಾಗಿ ಸಿಡಿಸಲಿ. ಈ ಪತ್ರವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿಹೇಳು. ಹೆದರಿದವರು ನಕ್ಕರೆ ಅರ್ಧ ಕೆಲಸ ಆದ ಹಾಗೆ.

ಚುರುಕಿ

---

ಫೆಬ್ರವರಿ 24

ಅಣ್ಣಾ,

ಮದ್ದು ಸಿಡಿಸಬೇಡಿ. ನಿನ್ನೆಯ ಪತ್ರ ಸುಳ್ಳು. ಮದ್ದು ಸಿಡಿಸಬೇಡಿ.

ನಿನ್ನೆ ಪತ್ರ ಲಾರಿಗೆ ಕೊಟ್ಟು ಬಂದು ಎಲ್ಲರಿಗೂ 'ಭೂತಕಾಲ' ಅಂತ ಹೇಳಿ ನಗಿಸಿದೆ. ನಮ್ಮ ಮೇಲಧಿಕಾರಿಣಿ ಮಾತ್ರ ನಗಲಿಲ್ಲ. "ಪ್ರೋಗ್ರಾಮ್ ತೆಗೆದು ನೋಡಿದ್ಯಾ?" ಅಂದರು. ನೋಡಿರಲಿಲ್ಲ. ಅಣ್ಣಾ, ನಾನು ನೋಡಿಯೇ ಇರಲಿಲ್ಲ! ಜೋಕು ಹೊಳೆಯಿತು, ಬರೆದುಬಿಟ್ಟೆ.

ಇವತ್ತು ಬೆಳಿಗ್ಗೆ ತೆಗೆದು ಕೂತೆ. ಖಾಲಿ ಸೀಟಿನಲ್ಲಿ ಕಸ ಇರುವುದು ನಿಜ. ಆದರೆ ಬೋರ್ಡು ಆ ಸೀಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಸದಸ್ಯರನ್ನು ಹೆಸರು ಹಿಡಿದು ಕರೆಯುತ್ತದೆ. 'ನಂಬರೇ ಬಾ' ಅಂದರೆ ನಂಬರು ಬರುತ್ತದೆ. ಖಾಲಿ ಸೀಟಿಗೆ ಹೆಸರಿಲ್ಲ. ಹೆಸರಿಲ್ಲದ್ದನ್ನು ನನ್ನ ಪ್ರೋಗ್ರಾಮ್ ಎಲ್ಲೂ ಕರೆದಿಲ್ಲ. ಪ್ಯಾಡಿಂಗು ದಾಖಲೆಯನ್ನು ದಪ್ಪ ಮಾಡುತ್ತದೆ, ಮೆಮೊರಿ ಕಾರ್ಡಿನ ಹೊಟ್ಟೆ ಬೇಗ ತುಂಬಿಸುತ್ತದೆ. ಇನ್ನೊಬ್ಬರ ನಂಬರು ಹೊತ್ತಿಸುವ ಶಕ್ತಿ ಅದಕ್ಕಿಲ್ಲ. ಅಷ್ಟೇ ಅಲ್ಲ, ಖಾಲಿ ಇರುವುದು ಮೂರು ಮೂರೇ ಸೀಟು. ನಾಲ್ಕು ಜನರ ಸಂಸಾರ ಅಲ್ಲಿ ಹೇಗೆ ಉಳಿದೀತು? ಇದನ್ನು ನಿನಗೆ ಪಾಠ ಹೇಳಿದವಳು ನಾನೇ.

ಇನ್ನೂ ಒಂದು. ಕಸಕ್ಕೆ ವೇಳಾಪಟ್ಟಿ ಇರುವುದಿಲ್ಲ. ಸುಮ್ಮನೆ ಉಳಿದ ಹಳೆಯ ಬೈಟು ದಿನ ಬಿಟ್ಟು ದಿನ, ಯಾರೂ ಒಳಗೆ ಹೋಗದ ದಿನಗಳಲ್ಲೂ, ತಪ್ಪದೆ ಬಂದು ಹೋಗುವುದಿಲ್ಲ. ಒಂದು ಸಲ ಮುಟ್ಟಿಸಿದರೆ ಹೊತ್ತುತ್ತದೆ, ಇನ್ನೊಂದು ಸಲ ಮುಟ್ಟಿಸಿದರೆ ಆರುತ್ತದೆ. ಯಾರೋ ದಿನಕ್ಕೆ ಒಂದೇ ಸಲ ಆ ಕಾರ್ಡು ಮುಟ್ಟಿಸುತ್ತಿದ್ದಾರೆ. ದಿನಾ ಗೇಟಿನಲ್ಲಿ ಒಳಗೆ ಹೋಗುತ್ತಿದ್ದಾರೆ, ಗೇಟಿನಿಂದ ಹೊರಗೆ ಬರುತ್ತಿಲ್ಲ. ನಲವತ್ತೊಂದು ನಿಜವಾದ ಮನುಷ್ಯ.

ಕಾರ್ಡು ಡ್ರಾಯರಿನಲ್ಲಿದೆ ಅಂದೆಯಲ್ಲ, ತೆಗೆದು ನೋಡಿದ್ದೀಯಾ?

ಸಾಹೇಬರ ಕಚೇರಿಗೆ ಬೆಳಿಗ್ಗೆಯಿಂದ ಫೋನು ಮಾಡುತ್ತಿದ್ದೇನೆ. 'ಈ ಮಾರ್ಗ ದುರಸ್ತಿಯಲ್ಲಿದೆ' ಅಂತ ಒಂದು ಹೆಣ್ಣು ದನಿ ಬಹಳ ಇಂಪಾಗಿ ಹೇಳುತ್ತದೆ. ನಾಡಿದ್ದು ಹೊರಡುವ ಲಾರಿಯೇ ಗತಿ. ಚಾಲಕನ ಕೈಗೇ ಕೊಡುತ್ತೇನೆ, ಚೀಲಕ್ಕೆ ಹಾಕಬೇಡ, ಗೇಟಿನ ಗುಮಾಸ್ತರ ಕೈಗೇ ಕೊಡು ಅಂತ.

ಚುರುಕಿ

---

ಫೆಬ್ರವರಿ 25

ಪ್ರೀತಿಯ ಚುರುಕಿ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಪತ್ರವನ್ನು ಊಟದ ಮನೆಯ ಬೆಂಚಿನ ಮೇಲೆ ನಿಂತು ಓದಿದೆ. 'ಭೂತವಲ್ಲ, ಭೂತಕಾಲ' ಅಂದಾಗ ಮೇಸ್ತ್ರಿ ನಕ್ಕ ನಗೆಗೆ ಮೇಜಿನ ಮೇಲಿನ ಲೋಟ ಅಲುಗಾಡಿತು. "ನಿಮ್ಮ ತಂಗಿ ಮಾತೇ ಮದ್ದು ಕಣ್ರೀ" ಅಂದರು. ಅವರ ಬಾಯಲ್ಲಿ ಮದ್ದು ಅಂದರೆ ಔಷಧಿಯೋ ಸಿಡಿಮದ್ದೋ ಕೇಳಿಕೊಳ್ಳಬೇಕು. ಡ್ರಿಲ್ಲಿನವರು "ನಮಸ್ಕಾರ ಕಸದಜ್ಜ" ಎಂದು ಬೋರ್ಡಿಗೆ ಸಲಾಮು ಹೊಡೆದು ಒಳಗೆ ಹೋದರು. ಇವತ್ತು ಸಂಜೆ ನಲವತ್ತೊಂದು ಉರಿಯುತ್ತಲೇ ಇದೆ, ಒಬ್ಬರೂ ಕ್ಯಾರೇ ಅನ್ನಲಿಲ್ಲ.

ಸಾಹೇಬರು ನನ್ನ ಕೈ ಕುಲುಕಿದರು. ಈ ಸಲ ಕೈ ಯಾರದು ಅಂತ ಗೊಂದಲವಾಗಲಿಲ್ಲ. ನಷ್ಟವಾದ ದಿನಗಳನ್ನು ತುಂಬಿಸಲು ಇನ್ನು ಸಂಜೆ ಮಾತ್ರವಲ್ಲ, ಮಧ್ಯಾಹ್ನ ಮೂರಕ್ಕೂ ಒಂದು ಸಲ ಸಿಡಿಸಬೇಕಂತೆ. ನಾಳೆಯಿಂದಲೇ ಶುರು. ಮೇಸ್ತ್ರಿ ಖುಷಿಯಲ್ಲಿ ನಾಳೆ ಎಲ್ಲರಿಗೂ ಸಿಹಿಯೂಟ ಹಾಕಿಸುತ್ತಿದ್ದಾರೆ. ಅಡುಗೆಯವನ ಮುಖ ಮಾತ್ರ ಸಪ್ಪಗಿದೆ.

ಅಮ್ಮನಿಗೆ ಹೇಳು, ನಿನ್ನ ಮಗಳು ನಿನ್ನ ಮಗನ ಕೆಲಸ ಉಳಿಸಿದಳು ಅಂತ.

ಅಣ್ಣ

---

ಫೆಬ್ರವರಿ 27

ಅಣ್ಣಾ,

ನಿನ್ನ ಪತ್ರ ಈಗ ಕೈಗೆ ಬಂತು. 'ನಾಳೆ ಮಧ್ಯಾಹ್ನ ಮೂರಕ್ಕೆ' ಅಂದಿದ್ದೀಯ. ಆ ನಾಳೆ ನಿನ್ನೆಯೇ ಮುಗಿದುಹೋಗಿದೆ.

ನನ್ನ ಪತ್ರ ಹೊತ್ತ ಲಾರಿ ನಿನ್ನೆ ಎಷ್ಟು ಹೊತ್ತಿಗೆ ತಲುಪಿತು? ಮೂರರ ಒಳಗೋ, ಹೊರಗೋ?

ಫೋನಿನ ಹೆಣ್ಣು ಇನ್ನೂ ಅದನ್ನೇ ಹೇಳುತ್ತಿದ್ದಾಳೆ. 'ಯಾಕೆ ಮುಖ ಹೀಗಿದೆ?' ಅಂತ ಅಮ್ಮ ಕೇಳಿದಳು. ಹೊಟ್ಟೆನೋವು ಅಂದೆ. ಕಷಾಯ ಮಾಡಿಕೊಟ್ಟಳು, ಕುಡಿದೆ. ನಿನ್ನ ಪತ್ರದ ಒಳ್ಳೆಯ ಸುದ್ದಿ ಓದು ಅಂದಳು. ಓದಿದೆ. ಕೆಲಸ ಉಳಿಸಿದಳು ಅನ್ನುವ ಸಾಲನ್ನು ಮಾತ್ರ ಹಾರಿಸಿಬಿಟ್ಟೆ.

ಯಾರದು ಅಣ್ಣಾ? ಬದುಕಿದ್ದಾರಾ?

---

ಫೆಬ್ರವರಿ 28

ಚುರುಕಿ,

ಬದುಕಿದ್ದಾನೆ. ಮೊದಲು ಇದನ್ನು ಓದಿ ನೀರು ಕುಡಿ, ಆಮೇಲೆ ಮುಂದಿನದು.

ಮೊನ್ನೆ ಮೂರಕ್ಕೆ ಸರಿಯಾಗಿ ಸಿಡಿಸಿದರು. ಬೋರ್ಡಿನ ಮೇಲೆ ನಲವತ್ತೊಂದು ಉರಿಯುತ್ತಿತ್ತು. ಮೇಸ್ತ್ರಿ ಅದಕ್ಕೆ ಕಣ್ಣು ಹೊಡೆದು ಗುಂಡಿ ಒತ್ತಿದರು. ಬೆಟ್ಟ ಒಮ್ಮೆ ಕೆಮ್ಮಿತು. ನಾವು ಎಲೆಯ ಮುಂದೆ ಇನ್ನೂ ಕೂತೇ ಇದ್ದೆವು, ಸಿಹಿಯೂಟ ತಡವಾಗಿತ್ತು.

ಹೊಗೆ ಸುರಂಗದ ಬಾಯಿಗೆ ಬರುವಷ್ಟರಲ್ಲಿ ಲಾರಿ ಬಂತು. ಚಾಲಕ ಓಡಿಬಂದು ನಿನ್ನ ಪತ್ರವನ್ನು ಎಂಜಲು ಕೈಗೇ ತುರುಕಿದ. ಮೊದಲ ಸಾಲು ಓದಿದೆ. ಮೇಸ್ತ್ರಿ ನನ್ನ ಮುಖ ನೋಡಿ ಪತ್ರ ಕಿತ್ತುಕೊಂಡು ತಾವೂ ಓದಿದರು. "ಡ್ರಾಯರ್ ತೆಗೀರಿ" ಅಂದರು.

ಇಬ್ಬರೂ ನನ್ನ ಕ್ಯಾಬಿನ್ನಿಗೆ ಓಡಿದೆವು, ತೆಗೆದೆ. ಕಾರ್ಡು ಇರಲಿಲ್ಲ.

ನಲವತ್ತೊಂದು ಹೊತ್ತಿದಾಗಿನಿಂದ ನಾನು ಆ ಡ್ರಾಯರನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ, ಚುರುಕಿ. ಇದೆ ಅಂತ ಗೊತ್ತಿತ್ತು, ಹಾಗಾಗಿ ಇದೆ ಅಂದೆ. ನಿನಗೂ ಹಾಗೇ ಬರೆದೆ. ನನ್ನ ಮಾತು ನಂಬಿ ನೀನು ಪ್ರೋಗ್ರಾಮ್ ತೆಗೆಯಲಿಲ್ಲ, ನಿನ್ನ ಮಾತು ನಂಬಿ ನಾನು ಡ್ರಾಯರ್ ತೆಗೆಯಲಿಲ್ಲ.

ಮೇಸ್ತ್ರಿ ಬಾಯಿಂದ ಒಂದು ಸದ್ದು ಹೊರಟಿತು, ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. "ಒಳಗ್ ಯಾರೋ ಇದಾರೆ!" ಎಂದು ಕೂಗಿಕೊಂಡು ಓಡಿದರು. ಊಟದ ಮನೆಯೇ ಅವರ ಹಿಂದೆ ಎದ್ದು ಓಡಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಬ್ಬೊಬ್ಬರೇ ಕಾರ್ಡು ಮುಟ್ಟಿಸಿ ಒಳಗೆ ನುಗ್ಗಿದರು. ಯಾರು ಕಾಣೆ ಅಂತ ನೋಡಲು ನಾನು ಬೋರ್ಡಿನ ಎದುರು ನಿಂತೆ. ಹನ್ನೆರಡು ಹೊತ್ತಿತು, ಮೂವತ್ತು ಹೊತ್ತಿತು, ಏಳು ಹೊತ್ತಿತು. ಇದ್ದಕ್ಕಿದ್ದಂತೆ ನನ್ನ ಕಣ್ಣೆದುರೇ ನಲವತ್ತೊಂದು ಆರಿತು.

ಒಳಗಿಂದ ಒಬ್ಬನೂ ಹೊರಗೆ ಬಂದಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ನೊಣವೂ ಬಂದಿರಲಿಲ್ಲ.

ಕತ್ತು ತಿರುಗಿಸಿದೆ. ಗೇಟಿನಲ್ಲಿ ಸೌಟು ಹಿಡಿದುಕೊಂಡೇ ನಮ್ಮ ಅಡುಗೆಯವನು ಒಳಗೆ ಓಡುತ್ತಿದ್ದ. ಇನ್ನೊಂದು ಕೈಯಲ್ಲಿ ಕಾರ್ಡು. ಒಳಗೆ ಸಿಕ್ಕಿಕೊಂಡ ಆ ಪುಣ್ಯಾತ್ಮನನ್ನು ಹುಡುಕಲು ಅವನೂ ಹೊರಟಿದ್ದ!

ಕುತ್ತಿಗೆಪಟ್ಟಿ ಹಿಡಿದು ಎಳೆದೆ.

"ಏನ್ ಸಾರ್, ಬಿಡಿ, ಯಾರೋ ಒಳಗಿದಾರಂತೆ!"

"ನೀನೇ ಕಣಯ್ಯಾ ಒಳಗಿರೋದು!"

"ನಾನಾ? ನಾನ್ ಇಲ್ಲೇ ಇದೀನಲ್ಲ ಸಾರ್?"

"ಈ ಕಾರ್ಡ್ ಎಲ್ಲಿಂದ ಬಂತು?"

"ನೀವೇ ಕೊಟ್ರಲ್ಲ. ಡ್ರಾಯರ್ ತೆಗ್ದಿಟ್ಕೊಂಡು ಮನೆಗೆ ಪತ್ರ ಬರೀತಾ ಇದ್ರಿ, ಇದೊಂದು ಸುಮ್ನೆ ಬಿದ್ದಿದೆ, ತಗೊಳ್ಲಾ ಅಂದೆ. ಹೂಂ ಹೂಂ ಅಂದ್ರಿ."

ಅಂದಿರುತ್ತೇನೆ. ನಿನಗೆ ಬರೆಯುವಾಗ ಯಾರು ಏನು ಕೇಳಿದರೂ ಹೂಂ ಅನ್ನುತ್ತೇನೆ.

ಅವನ ಕಥೆ ಇಷ್ಟೇ. ಅಡುಗೆಯವನು ಸುರಂಗದ ಆಳಲ್ಲ, ಅವನಿಗೆ ಕಾರ್ಡಿಲ್ಲ. ಎರಡು ಹೊತ್ತಿನ ಒಲೆಯ ನಡುವೆ, ಮಧ್ಯಾಹ್ನ ಎರಡಕ್ಕೆ, ಅಡುಗೆಮನೆ ಕುಲುಮೆಯಂತಿರುತ್ತದೆ. ಸುರಂಗದ ಒಂದು ಅಡ್ಡದಾರಿ ತಣ್ಣಗಿರುತ್ತದೆ. ಕೆಲಸದವರು ಆ ಕಡೆ ಹೋಗುವುದಿಲ್ಲ. ಅಲ್ಲಿ ಗೋಣಿತಾಟು ಹಾಸಿ ಎರಡು ತಾಸು ಮಲಗುತ್ತಿದ್ದ. ಆ ದಾರಿಯ ಕೊನೆಯಲ್ಲಿ ಒಳಗಿನಿಂದ ಮಾತ್ರ ತೆರೆಯುವ ಆಪತ್ತಿನ ಬಾಗಿಲಿದೆ. ಅದನ್ನು ನೂಕಿದರೆ ನೇರ ಅಡುಗೆಮನೆಯ ಹಿತ್ತಲು. ಎದ್ದವನು ಸುತ್ತು ಹಾಕಿ ಗೇಟಿಗೆ ಯಾಕೆ ಬಂದಾನು? ನಾನು ಕಾಯುತ್ತಿದ್ದರೆ ಒಳಗೆ ಹೋಗುವಾಗಲಾದರೂ ಕಾಣುತ್ತಿದ್ದ. ಆ ಹೊತ್ತಿಗೆ ನನಗೂ ನಿದ್ದೆ.

"ಎಲ್ಲರೂ ನಲವತ್ತೊಂದು ನಲವತ್ತೊಂದು ಅಂತ ಬಡ್ಕೊಳ್ತಿದ್ದಾಗ ಯಾಕಯ್ಯಾ ಬಾಯಿ ಬಿಡ್ಲಿಲ್ಲ?" ಅಂತ ಮೇಸ್ತ್ರಿ ಕೇಳಿದರು.

"ಇದರ ಮೇಲೆ ಏನ್ ಬರ್ದಿದೆ ಅಂತ ನಾನ್ ನೋಡ್ಲೇ ಇಲ್ಲ ಸಾರ್. ಮುಟ್ಸಿದ್ರೆ ಕಂಬಿ ಏಳುತ್ತೆ ಅಂತ ಮಾತ್ರ ಗೊತ್ತು."

ಮೊನ್ನೆ ಅವನು ಮಲಗಲು ಹೋಗಲಿಲ್ಲ. ಸಿಹಿಯೂಟದ ದೊಡ್ಡ ಪಾತ್ರೆಗಳು ಬಿಡಲಿಲ್ಲ, ಅಷ್ಟೇ. ಮೂರಕ್ಕೂ ಸಿಡಿಸುತ್ತಾರೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಿನ್ನ ಜೋಕು ಕೇಳಿ ಮೇಸ್ತ್ರಿ ಖುಷಿಯಾಗದಿದ್ದರೆ ಸಿಹಿಯೂಟವೂ ಇಲ್ಲ, ಮೂರರ ಮದ್ದೂ ಇಲ್ಲ. ಇದನ್ನು ಯಾವ ಕಡೆಯಿಂದ ಲೆಕ್ಕ ಹಾಕುವುದೋ ನನಗೆ ತಿಳಿಯುತ್ತಿಲ್ಲ, ನೀನೂ ಹಾಕಲು ಹೋಗಬೇಡ.

ಆದರೆ ಒಂದು ವಿಷಯ ನಿನಗೆ ಹೇಳಲೇಬೇಕು. ನಿನ್ನೆಯಿಂದ ಅದು ನನ್ನನ್ನು ಬಿಟ್ಟಿಲ್ಲ. ನಾವೆಲ್ಲ ಹೆದರಿದ್ದು ನಲವತ್ತೊಂದು ಉರಿದ ದಿನಗಳಿಗೆ. ಆರಿದ ದಿನ ಸಮಾಧಾನವಾಗಿರುತ್ತಿದ್ದೆವು. ಅವನು ಎರಡೂ ದಿನ ಒಳಗೆ ಹೋಗಿದ್ದ. ಮೊನ್ನೆ ಎಂದಿನಂತೆ ಎರಡಕ್ಕೆ ಹೋಗಿದ್ದರೆ ಅವನು ಮುಟ್ಟಿಸಿದೊಡನೆ ಉರಿಯುತ್ತಿದ್ದ ನಂಬರು ಆರುತ್ತಿತ್ತು. ಮೂರಕ್ಕೆ ಬೋರ್ಡು ಪೂರ್ತಿ ಖಾಲಿ ಇರುತ್ತಿತ್ತು. ನಿನ್ನ ಪತ್ರ ಇರಲಿ, ಬಿಡಲಿ, ಲೋಕದ ಅತ್ಯಂತ ಜಾಗರೂಕ ಮೇಸ್ತ್ರಿಯೂ ನಿಶ್ಚಿಂತೆಯಿಂದ ಗುಂಡಿ ಒತ್ತುತ್ತಿದ್ದ. ಕಾರ್ಡು ಮುಟ್ಟಿಸುವ ಒಂದೇ ಫಲಕಕ್ಕೆ ಎರಡು ಅರ್ಥ ಇಡಬೇಡ ಚುರುಕಿ. ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು, ಆ ಹಿತ್ತಲ ಬಾಗಿಲಿಗೂ ಒಂದು. ನಿನ್ನ ಮೇಲಧಿಕಾರಿಣಿಗೆ ಇದನ್ನು ಇವತ್ತೇ ಹೇಳು.

ಡ್ರಾಯರಿನ ವಿಷಯ ನಾನೇ ಸಾಹೇಬರಿಗೆ ಹೇಳಿದೆ. ಸೀಟಿ ನಿಲ್ಲಿಸಿದ್ದು ತಾವು ಅಂತ ಅವರಿಗೂ ನೆನಪಾಗಿರಬೇಕು, ದನಿ ಎತ್ತಲಿಲ್ಲ. ಸೀಟಿ ಮತ್ತೆ ಶುರುವಾಗಿದೆ. ಊದುತ್ತಾ ನಡೆಯುವವನು ನಾನೇ.

ಹೊಗೆ ಇಳಿದ ಮೇಲೆ ಅಡುಗೆಯವನನ್ನು ಕರೆದುಕೊಂಡು ಅಡ್ಡದಾರಿಗೆ ಹೋದೆವು. ಗೋಣಿತಾಟು ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ಸುರಂಗದ ಚಾವಣಿಯಿಂದ ಕಳಚಿ ಬಿದ್ದ ಬಂಡೆ ಇತ್ತು, ನಮ್ಮ ಮನೆಯ ಬೀರುವಿಗಿಂತ ದೊಡ್ಡದು. ಅದರಡಿಯಿಂದ ಗೋಣಿಯ ಒಂದು ಮೂಲೆ ಇಣುಕುತ್ತಿತ್ತು. ಮೇಸ್ತ್ರಿ ಅಲ್ಲೇ ಕುಸಿದು ಕೂತರು. ಅಡುಗೆಯವನು ಬಗ್ಗಿ, ಸೌಟಿನ ತುದಿಯಿಂದ ಆ ಮೂಲೆಯನ್ನು ಮೆಲ್ಲಗೆ ಮುಟ್ಟಿದ.

"ಸಾರ್," ಅಂದ, "ಹಾಗಾದ್ರೆ ನಾಳೆಯಿಂದ ನಾನ್ ಎಲ್ ಮಲಗ್ಲಿ?"

ನನ್ನ ಕ್ಯಾಬಿನ್ನಿನಲ್ಲಿ ಫ್ಯಾನಿದೆ ಅಂದೆ. ಈಗ ಮಧ್ಯಾಹ್ನ ಎರಡೂವರೆ. ಈ ಪತ್ರ ಬರೆಯುತ್ತಿರುವ ಮೇಜಿನ ಕೆಳಗೇ ಮಲಗಿ ಲಾರಿ ಏರು ಹತ್ತುವ ಹಾಗೆ ಗೊರಕೆ ಹೊಡೆಯುತ್ತಿದ್ದಾನೆ. ನನಗೆ ಮಧ್ಯಾಹ್ನದ ನಿದ್ದೆ ಬಿಟ್ಟುಹೋಗಿದೆ. ಗೊರಕೆ ನಿಂತಾಗಲೆಲ್ಲ ಪೆನ್ನು ಕೆಳಗಿಟ್ಟು ಬಗ್ಗಿ ನೋಡುತ್ತೇನೆ.

ಅಣ್ಣ